ಗಿಳಿ ದಡಿಯ ಕೊನೆಯ ಚೌಕ

ಅನಗವಾಡಿ
೯ ಜುಲೈ ೨೦೨೫

ಚಿ. ಮಂಗಲಾಳಿಗೆ ಶಿದ್ರಾಮಪ್ಪ ಕಾಕಾನ ಆಶೀರ್ವಾದ.

ನಾನು ಬನಹಟ್ಟಿ ಬಿಟ್ಟು ಮಗಳು ಶೈಲಾಳ ಮನೆಗೆ ಬಂದು ಮೂರು ತಿಂಗಳಾಯಿತು. ಊಟಕ್ಕೆ, ನಿದ್ದೆಗೆ ಕೊರತೆಯಿಲ್ಲ. ಅಳಿಯ ಪರಮಾನಂದ ದಿನಾ ಮುಂಜಾನೆ ಹೊಳೆ ಕಾಣುವ ಕಡೆ ಕುರ್ಚಿ ಹಾಕಿಕೊಟ್ಟು ಹೊಲಕ್ಕೆ ಹೋಗುತ್ತಾನೆ. ಕಿವಿ ಮಾತ್ರ ಹೋದದ್ದು ಹೋಯಿತು. ಫೋನಿನಲ್ಲಿ ನೀನು ಮಾತಾಡಿದ್ದೆಲ್ಲ ನನಗೆ ಕೊಡದೊಳಗೆ ಹೊಕ್ಕ ನೊಣದ ಸದ್ದಿನಂತೆ ಕೇಳುತ್ತದೆ. ಅದಕ್ಕೇ ಪೆನ್ನು ಹಿಡಿದೆ. ನೀನೂ ಬರೆದೇ ಉತ್ತರ ಕೊಡು.

ವಿಷಯಕ್ಕೆ ಬರುತ್ತೇನೆ. ಹೋದ ಶುಕ್ರವಾರ ಬೀಳಗಿ ಬಸ್‌ಸ್ಟ್ಯಾಂಡಿನಲ್ಲಿ ರಬಕವಿಯ ಬಸಗೊಂಡಪ್ಪ ಸಿಕ್ಕ. ಸೀರೆ ನೇಯಲು ನಮ್ಮ ಅಂಗಡಿಯ ನಕ್ಷೆಯ ಕಾರ್ಡು ಬಿಟ್ಟು ಬೇರೆಯವರದು ಮುಟ್ಟದ ಮನುಷ್ಯ. ಏನೋ ಹೇಳಿದ, ಕೇಳಲಿಲ್ಲ. ಎರಡನೆಯ ಸಲವೂ ಕೇಳಲಿಲ್ಲ. ಮೂರನೆಯ ಸಲ ಬಾಯಿಯ ಪಕ್ಕ ಕೈ ಹಿಡಿದು ಕೂಗಿದ: "ಕಾಕಾ, ನಿಮ್ಮ ಗಿಳಿ ಕೊಕ್ಕು ಮೊಂಡ ಆಗೇತ್ರಿ. ಇಪ್ಪತ್ತಾರು ಸೀರಿ ಕೆಟ್ಟೂವು. ಒಮ್ಮೆ ಕಣ್ಣು ತೋರಿಸ್ಕೊಳ್ರಿ." ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಒಬ್ಬ ಹೆಣ್ಣುಮಗಳು ಎದ್ದು ನನಗೆ ಜಾಗ ಬಿಟ್ಟುಕೊಟ್ಟಳು. ಕೂಗಿದ್ದಕ್ಕಿಂತ ಅದು ಹೆಚ್ಚು ನೋಯಿಸಿತು.

ಅವನ ಮೇಲೆ ಸಿಟ್ಟಿಲ್ಲ. ಕಿವುಡನಿಗೆ ಕೂಗಿಯೇ ಹೇಳಬೇಕು. ಆದರೆ ತಪ್ಪು ನನ್ನ ಹಾಳೆಯಲ್ಲೇ ಇದೆ ಎಂದು ನೀನೇ ಅವನಿಗೆ ಹೇಳಿದೆಯಂತೆ. ಒಂಬತ್ತು ವರ್ಷ ನಾನು ಗ್ರಾಫ್ ಹಾಳೆಯ ಮೇಲೆ ಚೌಕ ತುಂಬಿ ಸೀರೆಯಂಚಿನ ದಡಿಯ ನಕ್ಷೆ ಬರೆದೆ, ನೀನು ಅದನ್ನು ಕಂಪ್ಯೂಟರಿಗೆ ಏರಿಸಿ ರಟ್ಟಿನ ಕಾರ್ಡಿಗೆ ತೂತು ಹೊಡೆದೆ, ಆ ಕಾರ್ಡು ಮಗ್ಗಕ್ಕೆ ಕಟ್ಟಿ ಊರೆಲ್ಲ ನೇಯ್ದರು. ಅದಕ್ಕೂ ಮೊದಲು ನಾನೊಬ್ಬನೇ ನಲವತ್ತು ವರ್ಷ ಬರೆದಿದ್ದೇನೆ. ಬರೆದದ್ದನ್ನು ಒಂದೇ ಸಲ ಎಣಿಸುತ್ತಿದ್ದೆ. ಎರಡನೆಯ ಸಲ ಎಣಿಸಿದರೆ ಕೈಗೆ ಅಂಜಿಕೆ ಹತ್ತುತ್ತದೆ ಎಂದು ನಿನಗೂ ಕಲಿಸಿದ್ದು ನಾನೇ.

ಗಿಳಿ ದಡಿ ಇನ್ನೂರ ಹನ್ನೆರಡನೆಯ ಹಾಳೆ. ಊರು ಬಿಡುವ ಮುನ್ನ ಬರೆದ ಕೊನೆಯದು. ನಿನಗೆ ಒಪ್ಪಿಸಿ ಬಂದ ಟ್ರಂಕಿನಲ್ಲಿ ಎಲ್ಲಕ್ಕಿಂತ ಮೇಲೆ ಇರಬೇಕು. ಅದನ್ನು ಕಳಿಸು. ನನ್ನ ಕಣ್ಣು ಎಲ್ಲಿ ಮೋಸ ಮಾಡಿತೆಂದು ನಾನೇ ನೋಡಬೇಕು.

ನಿನ್ನ ಅವ್ವನಿಗೆ ನಮಸ್ಕಾರ ತಿಳಿಸು.

ಶಿದ್ರಾಮಪ್ಪ


ಬನಹಟ್ಟಿ
೧೭ ಜುಲೈ ೨೦೨೫

ಪೂಜ್ಯ ಕಾಕಾ ಅವರಿಗೆ ಮಂಗಲಾಳ ನಮಸ್ಕಾರಗಳು.

ನಿಮ್ಮ ಅಕ್ಷರ ಕಂಡ ಕೂಡಲೇ ಅವ್ವ ತಾನೇ ಮೊದಲು ಓದುತ್ತೇನೆಂದು ಕಸಿದುಕೊಂಡಳು. ಕನ್ನಡಕ ಸಿಗಲಿಲ್ಲ, ಮತ್ತೆ ನನ್ನ ಕೈಗೇ ಬಂತು. ಗಟ್ಟಿಯಾಗಿ ಓದಿ ಹೇಳಿದೆ. ಬಸ್‌ಸ್ಟ್ಯಾಂಡಿನ ಸಂಗತಿ ಬಿಟ್ಟು ಓದಿದೆ. ಅವಳಿಗೇಕೆ ಬೇಸರ ಎಂದು.

ಬಸಗೊಂಡಪ್ಪಣ್ಣನ ಮಾತು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಅವರ ಬಾಯಿ ನಿಮಗೆ ಗೊತ್ತೇ ಇದೆ. ಎಪ್ಪತ್ತಮೂರರ ವಯಸ್ಸಿನಲ್ಲಿ ಒಂದು ಎಳೆ ಹೆಚ್ಚುಕಡಿಮೆಯಾದರೆ ಯಾರೂ ನಿಮ್ಮನ್ನು ದೂರುವುದಿಲ್ಲ. ಇಲ್ಲಿ ಎಲ್ಲರೂ ನಿಮ್ಮ ಹೆಸರನ್ನು ಗೌರವದಿಂದಲೇ ಹೇಳುತ್ತಾರೆ.

ಟ್ರಂಕು ಅಟ್ಟದ ಮೇಲಿದೆ. ಅದರ ಮುಂದೆ ಹಳೆಯ ಕಾರ್ಡಿನ ಗಂಟುಗಳನ್ನು ಒಟ್ಟಿದ್ದೇನೆ. ಇಳಿಸಲು ಇಬ್ಬರಾದರೂ ಬೇಕು. ಇಳಿಸಿದ ಕೂಡಲೇ ಹಾಳೆ ಕಳಿಸುತ್ತೇನೆ.

ಅಂಗಡಿ ನಡೆದಿದೆ. ಕಂಪ್ಯೂಟರಿಗೆ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿಸಿದ್ದೇನೆ. ಪರದೆ ಈಗ ಬಹಳ ಚಂದ ಕಾಣುತ್ತದೆ.

ಹೊಳೆಯ ಗಾಳಿಗೆ ಕುಳಿತಾಗ ಕಿವಿಗೆ ಮಫ್ಲರ್ ಕಟ್ಟಿಕೊಳ್ಳಿ.

ನಿಮ್ಮ ಮಂಗಲಾ


ಬನಹಟ್ಟಿ
೧೮ ಜುಲೈ ೨೦೨೫

ಕಾಕಾ,

ಈ ಪತ್ರವನ್ನು ಡಬ್ಬಿಗೆ ಹಾಕುವುದಿಲ್ಲ ಎಂದು ನನಗೆ ಬರೆಯುವ ಮೊದಲೇ ಗೊತ್ತು. ಆದರೂ ಬರೆಯುತ್ತೇನೆ.

ಟ್ರಂಕು ಅಟ್ಟದ ಮೇಲಿಲ್ಲ. ನನ್ನ ಮೇಜಿನ ಕೆಳಗಿದೆ. ಇನ್ನೂರ ಹನ್ನೆರಡನೆಯ ಹಾಳೆ ನನ್ನ ಮುಂದೆಯೇ ಇದೆ. ಗಿಳಿಯ ಕೊಕ್ಕು ಚೂಪಾಗಿದೆ. ಅದರ ತುದಿಯ ಚೌಕ, ಸಾಲಿನ ಕಟ್ಟಕಡೆಯ ಚೌಕ, ನೀವು ಕೆಂಪು ಪೆನ್ಸಿಲ್ಲಿನಿಂದ ತುಂಬಿದ್ದೀರಿ. ನಿಮ್ಮ ಕಣ್ಣು ಮೋಸ ಮಾಡಿಲ್ಲ.

ಮೇ ಇಪ್ಪತ್ತಾರರ ಅಮಾವಾಸ್ಯೆಯ ದಿನ ಮಗ್ಗಗಳಿಗೆ ರಜೆ ಇತ್ತು, ಅಂಗಡಿಯಲ್ಲಿ ನಾನೊಬ್ಬಳೇ. ಒಂದು ವರ್ಷದಿಂದ ಕಂಪ್ಯೂಟರು ದಿನಾ ಒಂದೇ ಮಾತು ಹೇಳುತ್ತಿತ್ತು. ನಿಮ್ಮ ಆಪರೇಟಿಂಗ್ ಸಿಸ್ಟಮ್ ಹಳೆಯದಾಯಿತು, ಇನ್ನು ಅದಕ್ಕೆ ರಕ್ಷಣೆ ಇರುವುದಿಲ್ಲ, ಹೊಸದು ಹಾಕಿರಿ. ನೀವಿದ್ದಾಗ "ನಡಿಯಾಕತ್ತಿದ್ದನ್ನ ಯಾಕ ಮುಟ್ಟತಿ ಬೇ" ಎನ್ನುತ್ತಿದ್ದಿರಿ. ಹೊಸದು ಹಾಕುವುದು ತಪ್ಪೇನಲ್ಲ, ಎಂದಾದರೊಂದು ದಿನ ಹಾಕಲೇಬೇಕಿತ್ತು. ಆದರೆ ಖರೆ ಹೇಳುತ್ತೇನೆ, ನಾನು ರಕ್ಷಣೆಗೆಂದು ಹಾಕಲಿಲ್ಲ. ರಬಕವಿಯಲ್ಲಿ ಐಶ್ವರ್ಯ ಎನ್ನುವವಳು ಹೊಸ ಕಾರ್ಡಿನ ಅಂಗಡಿ ತೆರೆದಿದ್ದಾಳೆ. ಅವಳ ಪರದೆ ನೋಡಿ ಬಂದ ಮೇಲೆ ನಮ್ಮದು ನೋಡಲು ನನಗೆ ಮನಸ್ಸೇ ಬರುತ್ತಿರಲಿಲ್ಲ. ಹೊಟ್ಟೆಕಿಚ್ಚು, ಅಷ್ಟೇ.

ಹಾಕುವ ಮೊದಲು ಉದ್ದನೆಯ ಪಟ್ಟಿಯೊಂದು ಬಂತು. ಏನೇನು ಬದಲಾಗುತ್ತದೆ, ಹಳೆಯ ಯಾವ ಸಾಫ್ಟ್‌ವೇರ್ ನಿಂತುಹೋಗಬಹುದು, ಯಾವುದರ ನಕಲು ಮೊದಲೇ ಬೇರೆ ಕಡೆ ತೆಗೆದಿಡಬೇಕು ಎಂದೆಲ್ಲ. ನಾನು ಓದಲಿಲ್ಲ. 'ಮುಂದೆ' ಎಂದಿದ್ದ ಕಡೆ ನಾಲ್ಕು ಸಲ ಒತ್ತಿದೆ. ಸಂಜೆಯ ಹೊತ್ತಿಗೆ ಹೊಸದು ಕೂತಿತು, ನಮ್ಮ ಹಳೆಯ ಡಿಸೈನ್ ಸಾಫ್ಟ್‌ವೇರ್ ತೆರೆಯದಾಯಿತು. ಅದನ್ನು ಹಾಕಿಕೊಟ್ಟ ಇಚಲಕರಂಜಿಯವನಿಗೆ ಫೋನು ಮಾಡಿದೆ. ಅವನು ಹೊಸ ಸಾಫ್ಟ್‌ವೇರ್ ಕಳಿಸಿದ, ಜೊತೆಗೆ ಒಂದು ಪುಟ ಸೂಚನೆ ಕಳಿಸಿದ. ಅದನ್ನೂ ಓದಲಿಲ್ಲ. ಇನ್ನೂರ ಹನ್ನೆರಡೂ ದಡಿಯ ಫೈಲುಗಳನ್ನು ಒಂದೇ ಏಟಿಗೆ ಹೊಸದರಲ್ಲಿ ತೆರೆದು ಉಳಿಸಿಬಿಟ್ಟೆ.

ಆ ಸೂಚನೆಯ ಮೂರನೆಯ ಸಾಲು ಈಗ ನನಗೆ ಬಾಯಿಪಾಠವಾಗಿದೆ. ಹಳೆಯದು ಮಗ್ಗದಲ್ಲಿ ಎಳೆ ಎತ್ತುವ ಹುಕ್ಕುಗಳನ್ನು ಒಂದರಿಂದ ಎಣಿಸುತ್ತಿತ್ತು, ಹೊಸದು ಸೊನ್ನೆಯಿಂದ ಎಣಿಸುತ್ತದೆ. ಅದನ್ನು ಮೊದಲು ಹೊಂದಿಸಿಕೊಳ್ಳದೆ ಹಳೆಯ ಫೈಲು ತೆರೆದರೆ ಪ್ರತಿ ಸಾಲಿನ ಕೊನೆಯ ಚೌಕ ಬಿದ್ದುಹೋಗುತ್ತದೆ. ಕಾರ್ಡು ಕಳಿಸುವ ಮೊದಲು ಹಾಳೆಯನ್ನು ಪಕ್ಕದಲ್ಲಿಟ್ಟು ಹೋಲಿಸಬೇಕೆಂಬುದು ನಮ್ಮ ಅಂಗಡಿಯ ನಿಯಮ. ಬಸಗೊಂಡಪ್ಪಣ್ಣನಿಗೆ ಗಿಳಿಯ ಕಾರ್ಡು ಹೊಡೆದು ಕಳಿಸುವಾಗ ಅದನ್ನೂ ಬಿಟ್ಟೆ. ಹೊಸದರ ಮೇಲೆ ಅಷ್ಟು ನಂಬಿಕೆ.

ನನ್ನ ಅವ್ವ ಭಾಗವ್ವ ಹಾಸಿನ ಉದ್ದದ ಎಳೆ ಕೆಚ್ಚುವುದರಲ್ಲಿ ಹೆಸರಾದವಳು. ಮಗ್ಗದಲ್ಲಿ ಹಾಸು ಮುಗಿದರೂ ಹಳೆಯ ಎಳೆಗಳನ್ನು ಅಚ್ಚಿನಿಂದ ಕಿತ್ತುಹಾಕುವುದಿಲ್ಲ. ಒಂದೊಂದು ಹಳೆಯ ಎಳೆಗೆ ಒಂದೊಂದು ಹೊಸ ಎಳೆ ಗಂಟು ಹಾಕಿ, ಎಲ್ಲ ಕೆಚ್ಚಿ ಮುಗಿದ ಮೇಲೇ ಮುಂದಕ್ಕೆ ಎಳೆಯುತ್ತಾರೆ. ಆರು ವರ್ಷದವಳಿದ್ದಾಗಿಂದ ನೋಡುತ್ತ ಬೆಳೆದಿದ್ದೇನೆ. ಅಂಥವಳ ಮಗಳಾಗಿ ನಾನು ಕಂಪ್ಯೂಟರಿನ ಮುಂದೆ ಕುಳಿತು ಮೊದಲು ಹಳೆಯದನ್ನೇ ಕತ್ತರಿಸಿದೆ.

ಇಷ್ಟೇ ಆಗಿದ್ದರೆ ಇದು ಬರೀ ದಡ್ಡತನ. ಉಳಿದದ್ದನ್ನೂ ಬರೆಯುತ್ತೇನೆ. ಎಂಟನೆಯ ದಿನ ಬಸಗೊಂಡಪ್ಪಣ್ಣ ಸೀರೆ ಹಿಡಿದು ಬಂದರು. ಮಡಚುವಾಗ ಅವರ ಹೆಂಡತಿಯ ಕಣ್ಣಿಗೆ ಬಿದ್ದಿತ್ತು. ಅಂಗಡಿಯಲ್ಲಿ ಇನ್ನೂ ಮೂವರು ನೇಕಾರರು ಇದ್ದರು. ನನ್ನ ಬಾಯಿಂದ ಏನು ಬಂತು ಗೊತ್ತೇ? "ಕಾಕಾರ ಕಣ್ಣು ಮೊದಲಿನಂಗ ಇಲ್ರಿ ಅಣ್ಣಾ. ಹಾಳಿಯೊಳಗ ಹಂಗ ಐತಿ." ನಾಲಗೆ ತಡವರಿಸಲೂ ಇಲ್ಲ. ಮೂವರೂ ಅಯ್ಯೋ ಪಾಪ ಎಂದರು.

ಅವರು ಹೋದ ಮೇಲೆ ಹಾಳೆ ತೆಗೆದು ನೋಡಿದೆ, ಸೂಚನೆ ಓದಿದೆ, ಎಲ್ಲ ತಿಳಿಯಿತು. ಆಗಲೂ ದಾರಿ ಇತ್ತು ಕಾಕಾ. ಹತ್ತು ದಿನದೊಳಗೆ ಬೇಡವೆಂದರೆ ಹಳೆಯ ಸಿಸ್ಟಮ್ಮಿಗೆ ಮರಳಬಹುದಿತ್ತು. ಹಳೆಯ ಫೈಲುಗಳನ್ನೆಲ್ಲ ಅದು ಒಂದು ಮೂಲೆಯಲ್ಲಿ ಕಾದಿರಿಸಿತ್ತು. ಎರಡು ದಿನ ಬಾಕಿ ಇದ್ದವು. ಮರಳಿದರೆ ಅಂಗಡಿ ಮುಚ್ಚಬೇಕು, ಯಾಕೆ ಮುಚ್ಚಿದೆ ಎಂದರೆ ಹೇಳಬೇಕು, ನಿಮ್ಮ ಮೇಲೆ ಹಾಕಿದ್ದು ಸುಳ್ಳೆಂದು ಒಪ್ಪಬೇಕು. ಎರಡು ದಿನ ಪರದೆಯ ಮೇಲಿನ ಆ ಮರಳುವ ಗುಂಡಿಯನ್ನು ನೋಡುತ್ತಲೇ ಕುಳಿತೆ. ಹನ್ನೊಂದನೆಯ ದಿನ ಅದು ಅಲ್ಲಿರಲಿಲ್ಲ. ಹಳೆಯ ಫೈಲುಗಳೂ ಇರಲಿಲ್ಲ. ಈಗ ಸರಿಯಾಗಿ ಉಳಿದಿರುವುದು ಟ್ರಂಕಿನ ಹಾಳೆಗಳು ಮಾತ್ರ.

ನನಗೆ ನಾಚಿಕೆಯಾಗುತ್ತದೆ. ಇಷ್ಟು ಬರೆದೂ ಇದನ್ನು ಡ್ರಾದಲ್ಲಿಡುತ್ತೇನೆಂಬುದಕ್ಕೆ ಇನ್ನೂ ಹೆಚ್ಚು.

ಮಂಗಲಾ


ಅನಗವಾಡಿ
೧೧ ಆಗಸ್ಟ್ ೨೦೨೫

ಚಿ. ಮಂಗಲಾ,

ಹಾಳೆ ಇನ್ನೂ ಬರಲಿಲ್ಲ. ನಿನಗೆ ಕೆಲಸ ಬಹಳ ಇರಬೇಕು.

ಬಾಗಲಕೋಟೆಗೆ ಹೋಗಿ ಕಣ್ಣು ತೋರಿಸಿದೆ. ಎಡಗಣ್ಣಿನಲ್ಲಿ ಪೊರೆ ಈಗಷ್ಟೇ ಕೂಡತೊಡಗಿದೆ, ಇಷ್ಟಕ್ಕೆಲ್ಲ ಕಾಗದದ ಮೇಲಿನ ಚೌಕ ತಪ್ಪುವುದಿಲ್ಲ ಎಂದರು ಡಾಕ್ಟರು. ಮುದುಕನಿಗೆ ಸಮಾಧಾನ ಹೇಳಿರಬೇಕು. ಅವರಿಗೆ ಗ್ರಾಫ್ ಹಾಳೆ ಗೊತ್ತಿಲ್ಲ, ನಿನಗೆ ಗೊತ್ತು. ನೀನು ಹಾಳೆಯಲ್ಲಿ ತಪ್ಪಿದೆ ಎಂದ ಮೇಲೆ ಇದ್ದೇ ಇರುತ್ತದೆ.

ನಿನಗೆ ಹೇಳಿರಲಿಲ್ಲ, ಇಲ್ಲಿಗೆ ಬಂದ ಮೇಲೆ ಒಂದು ನೋಟುಬುಕ್ಕು ಶುರು ಮಾಡಿದ್ದೆ. ಹೊಳೆಯ ಹಿನ್ನೀರಿಗೆ ಬೆಳ್ಳಕ್ಕಿ ಬರುತ್ತವೆ. ಒಂಟಿ ಕಾಲಿನ ಮೇಲೆ ನಿಂತದ್ದು, ಮೀನು ಹಿಡಿದದ್ದು, ಹಾರಲು ರೆಕ್ಕೆ ಬಿಚ್ಚಿದ್ದು, ಹೀಗೆ ಹತ್ತೊಂಬತ್ತು ದಡಿ ಆಗಿದ್ದವು. ಇಪ್ಪತ್ತು ತುಂಬಿಸಿ ಒಟ್ಟಿಗೆ ಕಳಿಸಿ ನಿನ್ನನ್ನು ಬೆರಗುಗೊಳಿಸಬೇಕೆಂದಿದ್ದೆ. ಬಸ್‌ಸ್ಟ್ಯಾಂಡಿನ ದಿನದಿಂದ ಪೆನ್ಸಿಲ್ಲು ಮುಟ್ಟಿಲ್ಲ. ನಿನ್ನೆ ತೆಗೆದು ಒಂದು ಸಾಲು ಎಣಿಸಿದೆ, ನಲವತ್ತೆಂಟು ಬಂತು. ಮತ್ತೆ ಎಣಿಸಿದೆ, ನಲವತ್ತೇಳು ಬಂತು. ಮುಚ್ಚಿಟ್ಟೆ.

ಗಿಳಿಯ ಹಾಳೆ ನೋಡಿದರೆ ಒಂದು ತೀರ್ಮಾನಕ್ಕೆ ಬರಬಹುದು. ತಡ ಮಾಡಬೇಡ.

ಶಿದ್ರಾಮಪ್ಪ


ಬನಹಟ್ಟಿ
೨೦ ಆಗಸ್ಟ್ ೨೦೨೫

ಪೂಜ್ಯ ಕಾಕಾ,

ಟ್ರಂಕು ಇಳಿಸಿದೆ. ಮೇಲಿನ ಕೆಲವು ಹಾಳೆಗಳಿಗೆ ಗೆದ್ದಲು ಹತ್ತಿದೆ. ಗಿಳಿಯ ಹಾಳೆ ಅದರಲ್ಲಿ ಹೋದಂತಿದೆ. ನೋಟುಬುಕ್ಕು ಮಾತ್ರ ನಿಲ್ಲಿಸಬೇಡಿ ಕಾಕಾ, ದಯವಿಟ್ಟು.

ಮಹಾಲಿಂಗಪುರದ ಬೆಲ್ಲ ಎರಡು ಪೆಂಟೆ ಕಳಿಸಿದ್ದೇನೆ. ಶೈಲಾಳಿಗೆ ಹೇಳಿ ಹೋಳಿಗೆ ಮಾಡಿಸಿಕೊಂಡು ಉಣ್ಣಿ.

ಮಂಗಲಾ


ಅನಗವಾಡಿ
೧೪ ಸೆಪ್ಟೆಂಬರ್ ೨೦೨೫

ಚಿ. ಮಂಗಲಾ,

ಬೆಲ್ಲ ತಲುಪಿತು. ಛಲೋ ಇದೆ.

ಗೆದ್ದಲು ತಿಂದದ್ದು ಒಳ್ಳೆಯದೇ ಆಯಿತು. ನಾನು ಬಹಳ ವಿಚಾರ ಮಾಡಿದೆ. ಗಿಳಿಯೊಂದರಲ್ಲೇ ತಪ್ಪಿದೆ ಎಂದು ಹೇಗೆ ನಂಬಲಿ? ಕಣ್ಣು ಒಂದೇ ದಿನಕ್ಕೆ ಕೆಡುವುದಿಲ್ಲ. ಹಿಂದಿನ ಹತ್ತು ಹಾಳೆಯಲ್ಲಿ ಇರಬಹುದು, ಐವತ್ತರಲ್ಲಿ ಇರಬಹುದು. ಯಾರೋ ಬಡ ನೇಕಾರ ಅದನ್ನು ನಂಬಿ ನೇಯ್ದು, ಸೀರೆ ಹಿಡಿದು ನಿನ್ನ ಬಾಗಿಲಿಗೆ ಬಂದು, ನೀನು ಪ್ರತಿ ಸಲ ನನ್ನ ಪರವಾಗಿ ತಲೆ ತಗ್ಗಿಸುವುದು ಬೇಡ. ಇಲ್ಲಿಯವರೆಗೆ ತಗ್ಗಿಸಿದ್ದೇ ಸಾಕು. ಟ್ರಂಕಿನಲ್ಲಿ ಉಳಿದ ಹಾಳೆಗಳನ್ನೂ ಸುಟ್ಟುಬಿಡು. ಕಂಪ್ಯೂಟರಿನಲ್ಲಿದ್ದುದನ್ನೂ ಅಳಿಸು. ನಿನಗೆ ಕೈ ಬಾರದಿದ್ದರೆ ಅವ್ವನ ಕೈಗೆ ಕೊಡು, ನೀರೊಲೆಗೆ ಹಾಕುತ್ತಾಳೆ.

ನನ್ನ ಪಾಲಿನದನ್ನು ನಾನು ಮುಗಿಸಿದ್ದೇನೆ. ಬೆಳ್ಳಕ್ಕಿಯ ನೋಟುಬುಕ್ಕು ಮೊನ್ನೆ ಇಲ್ಲಿಯ ಒಲೆಗೆ ಹೋಯಿತು. ನೀರು ಚೆನ್ನಾಗಿ ಕಾಯಿತು ಎಂದು ಪರಮಾನಂದನಿಗೆ ತಮಾಷೆ ಮಾಡಿದೆ. ಅವನು ನಗಲಿಲ್ಲ.

ಹಾಳೆಗಳನ್ನು ಸುಟ್ಟ ಮೇಲೆ ಒಂದು ಸಾಲು ಬರೆದು ತಿಳಿಸು.

ಶಿದ್ರಾಮಪ್ಪ


ಬನಹಟ್ಟಿ
೧೮ ಸೆಪ್ಟೆಂಬರ್ ೨೦೨೫

ಕಾಕಾ,

ನಿಮ್ಮ ಪತ್ರ ಬಂದು ಒಂದು ತಾಸಾಗಿಲ್ಲ. ಹಾಳೆಗಳನ್ನು ಸುಡುವುದಿಲ್ಲ. ಗೆದ್ದಲು ಸುಳ್ಳು. ಅಟ್ಟವೂ ಸುಳ್ಳು.

ಇದರೊಂದಿಗೆ ಎರಡು ಇಟ್ಟಿದ್ದೇನೆ. ಒಂದು, ಇನ್ನೂರ ಹನ್ನೆರಡನೆಯ ಹಾಳೆ. ಕೊಕ್ಕಿನ ತುದಿ ನೋಡಿ. ಇನ್ನೊಂದು, ಜುಲೈ ಹದಿನೆಂಟರಂದು ನಿಮಗೆ ಬರೆದು ಹಾಕದೆ ಇಟ್ಟುಕೊಂಡ ಪತ್ರ. ತಾರೀಖು ತಿದ್ದಿಲ್ಲ. ಅದನ್ನು ಹೊಸದಾಗಿ ಬರೆದು ಇವತ್ತಿನ ತಾರೀಖು ಹಾಕೋಣವೆಂದು ಅರ್ಧ ಗಳಿಗೆ ಯೋಚಿಸಿದ್ದೂ ನಿಜ. ಎರಡು ತಿಂಗಳು ನಾನು ಏನು ಗೊತ್ತಿದ್ದೂ ಸುಮ್ಮನಿದ್ದೆ ಎಂಬುದು ನಿಮಗೆ ಗೊತ್ತಾಗಲಿ.

ನಾನು ನಿಮ್ಮ ಪರವಾಗಿ ಯಾರ ಮುಂದೆಯೂ ತಲೆ ತಗ್ಗಿಸಲಿಲ್ಲ ಕಾಕಾ. ನನ್ನ ತಲೆ ಉಳಿಸಿಕೊಳ್ಳಲು ನಿಮ್ಮದನ್ನು ತಗ್ಗಿಸಿದೆ.

ಕ್ಷಮಿಸಿ ಎಂದು ಕೇಳುವ ಮುಖವಿಲ್ಲ. ಬೆಳ್ಳಕ್ಕಿಗಳನ್ನು ನಾನು ನೋಡಲೂ ಇಲ್ಲ.

ಮಂಗಲಾ


ಅನಗವಾಡಿ
೨೯ ಸೆಪ್ಟೆಂಬರ್ ೨೦೨೫

ಮಂಗಲಾ,

ನಿನ್ನ ಲಕೋಟೆ ಬಂತೋ ಇಲ್ಲವೋ ಎಂದು ಚಿಂತೆ ಮಾಡಬಾರದೆಂದು ಬರೆಯುತ್ತಿದ್ದೇನೆ. ಬಂತು. ಅಪ್ಪ ಓದಿದ. ಆ ಗಿಳಿಯ ಹಾಳೆಯನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನಿಂತಿದ್ದ.

ನೋಟುಬುಕ್ಕು ಒಲೆಗೆ ಹಾಕಿದ ಕೈ ನನ್ನದು. ಅವನು ಹಾಕು ಎಂದ, ನಾನು ಬೇಡವೆಂದೆ. "ಮಂಗಲಾ ಸುಳ್ಳ ಹೇಳೂದಿಲ್ಲ, ನನ್ನ ಕಣ್ಣ ಸುಳ್ಳ ಹೇಳ್ಯಾವು" ಎಂದ. ಅದಕ್ಕೆ ಹಾಕಿದೆ. ಈ ಮಾತು ನಿನಗೆ ತಿಳಿಯಲೇಬೇಕು ಅನ್ನಿಸಿತು. ನಾವು ಒಂದೇ ಓಣಿಯಲ್ಲಿ ಆಡಿ ಬೆಳೆದವರು. ಬೇರೆ ಯಾರಾದರೂ ಆಗಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಬೆಲ್ಲ ಕಳಿಸಬೇಡ.

ಶೈಲಾ


ಅನಗವಾಡಿ
೨೭ ಅಕ್ಟೋಬರ್ ೨೦೨೫

ಮಂಗಲಾಳಿಗೆ,

ನಿನ್ನ ಎರಡೂ ಪತ್ರ ಓದಿದೆ. ಜುಲೈನದನ್ನು ಹೆಚ್ಚು ಸಲ ಓದಿದೆ. ಅದು ಬರೆದ ದಿನವೇ ಹೊರಟಿದ್ದರೆ ನೋಟುಬುಕ್ಕು ಇರುತ್ತಿತ್ತು. ಬೈಯಬೇಕೆಂದು ಇದನ್ನು ಬರೆಯುತ್ತಿಲ್ಲ. ಬರೆಯದೆ ಬಿಟ್ಟರೆ ನಾನೂ ಮುಚ್ಚಿಟ್ಟಂತೆ ಆಗುತ್ತದೆ.

ನನಗೂ ನಾಚಿಕೆ ಇದೆ. ಡಾಕ್ಟರು ಬಾಯಿ ಬಿಟ್ಟು ಹೇಳಿದರೂ ನಂಬಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಕೇಳಿದ ಒಂದು ಮಾತಿಗೆ ಐವತ್ತು ವರ್ಷದ ಕೈಯನ್ನು ನಾನೇ ಬಿಟ್ಟುಕೊಟ್ಟೆ. ಅದು ನಿನ್ನ ತಪ್ಪಲ್ಲ, ನನ್ನದು.

ಕೆಲಸದ ಮಾತು. ಒಂದು, ಗಿಳಿಯ ಹಾಳೆ ಇದರ ಜೊತೆ ಹಿಂದಕ್ಕೆ ಕಳಿಸಿದ್ದೇನೆ, ಇನ್ನು ಟ್ರಂಕಿನ ಹಾಳೆ ಯಾವುದೂ ಅಂಗಡಿಯ ಹೊರಗೆ ಹೋಗಬಾರದು. ಎರಡು, ಎಲ್ಲಿಯಾದರೂ ಹುಡುಕಿ ಹಳೆಯ ಕಂಪ್ಯೂಟರೊಂದನ್ನು ತಂದು, ಹಳೆಯ ಸಾಫ್ಟ್‌ವೇರ್ ಹಾಕಿಸಿ ಹೊಸದರ ಪಕ್ಕಕ್ಕೆ ಇಡು. ಒಂದೊಂದೇ ಹಾಳೆಯನ್ನು ಎರಡರಲ್ಲೂ ಏರಿಸು. ಎರಡೂ ಕಡೆ ಒಂದೇ ಬಂದು, ಹಾಳೆಗೂ ಹೊಂದಿದರೆ ಮಾತ್ರ ಹೊಸದರಲ್ಲಿ ಉಳಿಸು. ಇನ್ನೂರ ಹನ್ನೆರಡೂ ಮುಗಿಯುವವರೆಗೆ ಹಳೆಯದನ್ನು ತೆಗೆಯಬೇಡ. ಹೇಗೆ ಕೆಚ್ಚಬೇಕೆಂದು ನಿನ್ನ ಅವ್ವನನ್ನು ಕೇಳು.

ಮೂರನೆಯದು. ಬಸಗೊಂಡಪ್ಪ ನನಗೆ ಎಷ್ಟು ಗಟ್ಟಿಯಾಗಿ ಹೇಳಿದನೋ ಅಷ್ಟೇ ಗಟ್ಟಿಯಾಗಿ ಅವನಿಗೆ ನೀನು ಹೇಳಬೇಕು. ಅವನ ಶೆಡ್ಡಿನಲ್ಲಿ, ಆಳುಗಳ ಮುಂದೆ. ಆ ಮೂವರು ನೇಕಾರರಿಗೂ ಹೇಳಬೇಕು. ಆಮೇಲೆ ನನಗೆ ಬರೆ. ಅಲ್ಲಿಯವರೆಗೆ ಬರೆಯಬೇಡ.

ಶಿದ್ರಾಮಪ್ಪ


ಬನಹಟ್ಟಿ
೩೦ ನವೆಂಬರ್ ೨೦೨೫

ಪೂಜ್ಯ ಕಾಕಾ ಅವರಿಗೆ ಮಂಗಲಾಳ ನಮಸ್ಕಾರಗಳು.

ಹೇಳಿ ಬಂದೆ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ತಡವಾಯಿತು. ಮೂರು ಸಲ ರಬಕವಿಯವರೆಗೆ ಹೋಗಿ ಶೆಡ್ಡಿನ ಮುಂದಿನ ಚಹಾದಂಗಡಿಯಲ್ಲಿ ಚಹಾ ಕುಡಿದು ಹಿಂತಿರುಗಿದೆ. ನಾಲ್ಕನೆಯ ಸಲ ಒಳಗೆ ಹೋದೆ. ಮಗ್ಗದ ಸದ್ದಿನಲ್ಲಿ ನಾನು ಹೇಳಿದ್ದು ಬಸಗೊಂಡಪ್ಪಣ್ಣನಿಗೆ ಕೇಳಲಿಲ್ಲ. ಇನ್ನೊಮ್ಮೆ ಹೇಳಿದೆ, ಕೇಳಲಿಲ್ಲ. ಆಗ ಅವರು ಸ್ವಿಚ್ಚು ಒತ್ತಿ ನಾಲ್ಕೂ ಮಗ್ಗ ನಿಲ್ಲಿಸಿಬಿಟ್ಟರು. ಶೆಡ್ಡಿನಲ್ಲಿ ಎಂಟು ಜನ, ಎಲ್ಲರೂ ನನ್ನ ಕಡೆ ತಿರುಗಿದರು. ಗಿಳಿಯ ಕೊಕ್ಕು ಮುರಿದದ್ದು ನನ್ನ ಕಂಪ್ಯೂಟರಿನಲ್ಲಿ, ಕಾಕಾನ ಹಾಳೆ ಸರಿ ಇತ್ತು, ಹಾಳೆ ನೋಡದೆಯೇ ಕಾಕಾನ ಕಣ್ಣಿನ ಮೇಲೆ ಹಾಕಿದೆ, ಗೊತ್ತಾದ ಮೇಲೂ ಮುಚ್ಚಿಟ್ಟೆ ಎಂದೆ. ಒಂದೇ ಉಸಿರಿಗೆ ಹೇಳಿದೆ.

ಬೈಯುತ್ತಾರೆಂದು ಕಾದೆ. ಅವರು ಬೈಯಲಿಲ್ಲ. ಕೈಯಲ್ಲಿದ್ದ ಬಾಬಿನು ಕೆಳಗಿಟ್ಟು ಇಷ್ಟೇ ಅಂದರು: "ಅವತ್ತ ಹೇಳಿದ್ರ ಬೈದು ಮುಗಸ್ತಿದ್ದೆ ತಂಗಿ. ಬಸ್‌ಸ್ಟ್ಯಾಂಡಿನ್ಯಾಗ ಆ ಹಿರ್ಯಾಗ ಕೂಗಿ ಹೇಳೀನಲ್ಲ, ಅದನ್ನ ಹೆಂಗ ತಿರುಗಿ ತಗೊಳ್ಳಿ?" ಕಂಡಿಕೆಗೆ ನೂಲು ಸುತ್ತುವ ಸೋಮವ್ವ ನನ್ನ ಮುಖ ನೋಡಲಾರದೆ ರಾಟೆಯ ಕಡೆ ತಿರುಗಿಕೊಂಡಳು. ಮತ್ತೆ ಮಗ್ಗ ಶುರುವಾದವು. ನಾನು ಹೊರಗೆ ಬಂದೆ. ಆ ಮೂವರು ನೇಕಾರರಿಗೂ ಅವರವರ ಮನೆಗೇ ಹೋಗಿ ಹೇಳಿದೆ. ಒಬ್ಬರು ಅಂದಿನಿಂದ ಐಶ್ವರ್ಯಳ ಅಂಗಡಿಗೆ ಹೋಗುತ್ತಾರೆ. ಹೋಗಲಿ, ಅವಳು ಸೂಚನೆ ಓದುವವಳು.

ಅವ್ವನಿಗೆ ನಿಮ್ಮ ಪತ್ರಗಳನ್ನೆಲ್ಲ ಓದಿ ಹೇಳಿದೆ, ಬಸ್‌ಸ್ಟ್ಯಾಂಡಿನ ಭಾಗವನ್ನೂ ಬಿಡಲಿಲ್ಲ. ಎರಡು ದಿನ ನನ್ನನ್ನು ಊಟಕ್ಕೆ ಕರೆಯಲಿಲ್ಲ. ಮೂರನೆಯ ದಿನ ತಾನೇ ಅಂಗಡಿಗೆ ಬಂದು ಸ್ಟೂಲು ಹಾಕಿಕೊಂಡು ಕುಳಿತಳು.

ಮಹಾಲಿಂಗಪುರದ ಗುಜರಿ ಅಂಗಡಿಯಲ್ಲಿ ಹಳೆಯ ಕಂಪ್ಯೂಟರು ಸಿಕ್ಕಿತು. ಪರದೆಯ ಅಂಚು ಒಡೆದಿದೆ, ನಮ್ಮ ಹಳೆಯ ಸಾಫ್ಟ್‌ವೇರ್ ಮಾತ್ರ ಒಪ್ಪಿಕೊಂಡಿತು. ಎರಡನ್ನೂ ಪಕ್ಕಪಕ್ಕ ಇಟ್ಟಿದ್ದೇನೆ. ಅವ್ವ ಹಾಳೆಯ ಮೇಲೆ ಬೆರಳಿಟ್ಟು ಚೌಕ ಹೇಳುತ್ತಾಳೆ, ನಾನು ಎರಡೂ ಪರದೆಯಲ್ಲಿ ನೋಡುತ್ತೇನೆ. ದಿನಕ್ಕೆ ಮೂರು ಹಾಳೆ ಆದರೆ ಹೆಚ್ಚು. ಇವತ್ತಿಗೆ ಅರವತ್ತೊಂದು ಮುಗಿದವು. ಅದರಲ್ಲಿ ನೀವು ಕೊನೆಯ ಚೌಕ ತುಂಬಿದ್ದ ಹದಿನಾಲ್ಕರಲ್ಲೂ ನಾನು ಅದನ್ನು ಕಳೆದಿದ್ದೆ, ಉಳಿದವುಗಳಲ್ಲಿ ಅದು ಮೊದಲೇ ಖಾಲಿ ಇತ್ತು. ಎಲ್ಲವನ್ನೂ ತುಂಬಿದೆ. ನಿಮ್ಮ ಹಾಳೆಯಲ್ಲಿ ಒಂದೇ ಒಂದು ತಪ್ಪೂ ಸಿಗಲಿಲ್ಲ ಕಾಕಾ. ಒಂದಾದರೂ ಸಿಗಬಾರದೇ ಎಂದು ಒಂದು ಗಳಿಗೆ ಹುಡುಕಿದ್ದೆ. ಅದನ್ನೂ ಹೇಳಿಬಿಡುತ್ತೇನೆ, ಇನ್ನು ಮುಚ್ಚಿಡುವುದು ಬೇಡ.

ಉತ್ತರ ಬರೆಯಲೇಬೇಕೆಂದಿಲ್ಲ.

ಮಂಗಲಾ


ಅನಗವಾಡಿ
೧೯ ಜನವರಿ ೨೦೨೬

ಚಿ. ಮಂಗಲಾಳಿಗೆ ಆಶೀರ್ವಾದ.

ಸಂಕ್ರಾಂತಿಯ ಎಳ್ಳು ಬೆಲ್ಲ ಇದರ ಜೊತೆಗಿದೆ. ನಾನು ಹೇಳದೆಯೇ ಶೈಲಾ ತಾನಾಗಿ ಕಟ್ಟಿಕೊಟ್ಟಳು. ನಿನ್ನ ಅವ್ವನಿಗೂ ಕೊಡು.

ಬಸಗೊಂಡಪ್ಪ ಇಲ್ಲಿಗೆ ಬಂದಿದ್ದ. ನನ್ನ ಪಕ್ಕದಲ್ಲಿ ಕುಳಿತು ಒಂದು ತಾಸು ಹೊಳೆ ನೋಡಿದ. ಏನೋ ಹೇಳಲು ಬಾಯಿ ತೆರೆಯುವುದು, ಮುಚ್ಚುವುದು. ಕೂಗಿ ಹೇಳಬೇಕಲ್ಲ ಎಂದು ಸಂಕೋಚಪಟ್ಟನೆಂದು ಕಾಣುತ್ತದೆ. ಎದ್ದು ಹೋಗುವಾಗ ನನ್ನ ಕಾಲು ಮುಟ್ಟಿದ. ನನಗೆ ಅರ್ಥವಾಯಿತು.

ಸುಟ್ಟ ಹತ್ತೊಂಬತ್ತರಲ್ಲಿ ನನಗೆ ಪೂರ್ತಿ ನೆನಪಿದ್ದದ್ದು ಒಂದೇ, ಒಂಟಿ ಕಾಲಿನ ಬೆಳ್ಳಕ್ಕಿ. ಉಳಿದವುಗಳನ್ನು ಹಿಡಿಯಲು ನೋಡಿದೆ, ಸಿಗಲಿಲ್ಲ. ಇದನ್ನು ಹೊಸ ಹಾಳೆಯ ಮೇಲೆ ಬರೆದು ಕಳಿಸುತ್ತಿದ್ದೇನೆ. ಇನ್ನೂರ ಹದಿಮೂರು ಎಂದು ನಮೂದಿಸು. ಎರಡೂ ಕಂಪ್ಯೂಟರಿನಲ್ಲಿ ಹಾಕಿ ನೋಡು. ಕೊಕ್ಕಿನ ತುದಿ ಇಲ್ಲಿಯೂ ಸಾಲಿನ ಕೊನೆಯ ಚೌಕದಲ್ಲೇ ಬರುತ್ತದೆ.

ಮಡಚುವ ಮುನ್ನ ಮೂರು ಸಲ ಎಣಿಸಿದೆ. ಮೂರೂ ಸಲ ಸರಿ ಬಂತು. ಆದರೂ ನೀನೊಮ್ಮೆ ಎಣಿಸು.

ಶಿದ್ರಾಮಪ್ಪ